ಆದವಾನಿಯ ಕನ್ನಡ ನಮಗೆ ಹೇಳುವ ಪಾಠ

ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೂರು ವರ್ಷ ಮೊದಲೇ ಇದೇ ನೋವನ್ನುಂಡ ಬಂಧುಗಳು ನಮಗಿದ್ದಾರೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದೇವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯ ಪಡುವಣ ಭಾಗವಾದವು.

ಅಲ್ಲಿ ತೆಲುಗರೇ ಹೆಚ್ಚು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ನೆಲ ಕನ್ನಡಕ್ಕೆ ಪರಕೀಯವೂ ಅಲ್ಲ. ಕನ್ನಡದಲ್ಲಿ ಸುಳಾದಿಗಳನ್ನು ರಚಿಸಿದ ವಿಜಯದಾಸರು 1755ರಲ್ಲಿ ದೇಹವಿಟ್ಟದ್ದು ಅಲ್ಲಿಯ ಚಿಪ್ಪಗಿರಿಯಲ್ಲಿ. ನಮ್ಮವರು ಯಾತ್ರೆ ಹೋಗುವ ಮಂತ್ರಾಲಯ ಇರುವುದೂ ಆ ಸೀಮೆಯಲ್ಲಿಯೇ. ಕೌತಾಳ, ಹೊಳಗುಂದದ ಕಡೆಯ ಗಡಿಹಳ್ಳಿಗಳಲ್ಲಿ ಕನ್ನಡ ಇಂದಿಗೂ ಅನೇಕರ ಮನೆಮಾತು. ಸಿರುಗುಪ್ಪ, ಬಳ್ಳಾರಿಗಳೊಡನೆ ಹೆಣ್ಣು ಕೊಟ್ಟು ತರುವ ಬಳಕೆಯೂ ನಿಂತಿಲ್ಲ.

ಹಾಗಾದರೆ ಚಿಂತೆ ಏತಕ್ಕೆ? ಚಿಂತೆ ಇರುವುದು ಅಕ್ಷರದ ಬಗ್ಗೆ. ಕಚೇರಿಯ ಅರ್ಜಿ ತೆಲುಗು, ಬಸ್ಸಿನ ಫಲಕ ತೆಲುಗು. ಕನ್ನಡ ಶಾಲೆಗಳಿದ್ದರೂ ಉದ್ಯೋಗದ ಭಯದಿಂದ ತಂದೆತಾಯಿಯರ ಕಣ್ಣು ತೆಲುಗು, ಇಂಗ್ಲಿಷ್ ತರಗತಿಗಳ ಮೇಲೆ. 2019ರಲ್ಲಿ ಆಂಧ್ರ ಸರಕಾರ ತನ್ನ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಹೊರಡಿಸಿತು; 2020ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಆದೇಶವನ್ನು ಕೋರ್ಟು ರದ್ದು ಮಾಡಬಲ್ಲದು; ಮನಸ್ಸಿನ ಭಯವನ್ನು ರದ್ದು ಮಾಡುವವರು ಯಾರು?

ಈ ಭಯ ಏನು ಮಾಡಬಲ್ಲದೆಂಬುದಕ್ಕೆ ದೂರದ ಪಪುವಾ ನ್ಯೂಗಿನಿಯ ಗಾಪುನ್ ಎಂಬ ಹಳ್ಳಿ ಸಾಕ್ಷಿ. ಅಲ್ಲಿಯ ನುಡಿ ತಯಾಪ್. 1980ರ ದಶಕದಲ್ಲಿ ಡಾನ್ ಕುಲಿಕ್ ಎಂಬ ಮಾನವಶಾಸ್ತ್ರಜ್ಞ ಅಲ್ಲಿಗೆ ಹೋದಾಗ ಅದನ್ನು ಆಡಬಲ್ಲವರು ಸುಮಾರು 90 ಮಂದಿ; ಚಿಕ್ಕ ಮಕ್ಕಳಲ್ಲಿ ಆಡುವವರೇ ಇರಲಿಲ್ಲ. ಅದನ್ನು ಯಾರೂ ನಿಷೇಧಿಸಿರಲಿಲ್ಲ. ಹಿರಿಯರು ಮಕ್ಕಳೊಡನೆ ಪೇಟೆಯ ಟೋಕ್ ಪಿಸಿನ್ ಭಾಷೆಯಲ್ಲಿ ಮಾತಾಡತೊಡಗಿದ್ದರು, ಅಷ್ಟೇ. ಕೇಳಿದರೆ, ಮಕ್ಕಳಿಗೇ ತಯಾಪ್ ಬೇಡವಾಗಿದೆ ಎನ್ನುತ್ತಿದ್ದರು! ‘ನಮ್ಮ ಹುಡುಗನಿಗೆ ಕನ್ನಡ ಓದಲು ಮನಸ್ಸಿಲ್ಲ’ ಎಂಬ ಮಾತನ್ನು ನಾವೂ ನಮ್ಮ ಅಂಗಳಗಳಲ್ಲಿ ಕೇಳುತ್ತಿಲ್ಲವೇ?

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸುವುದು ರಾಜ್ಯದ ಹೊಣೆಯೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಬಲ್ಲ ಅಧ್ಯಾಪಕರನ್ನೂ ಸಕಾಲದಲ್ಲಿ ಪುಸ್ತಕಗಳನ್ನೂ ಕೇಳುವುದು ನಮ್ಮ ಹಕ್ಕು, ಅಲ್ಲಿಯವರ ಹಕ್ಕು. ಅದನ್ನು ಬಿಟ್ಟುಕೊಡಲಾಗದು. ಆದರೆ ಮಕ್ಕಳೇ ಇಲ್ಲದ ತರಗತಿಗೆ ಅಧ್ಯಾಪಕರನ್ನು ಯಾವ ಬಾಯಿಯಿಂದ ಕೇಳೋಣ?

ಆದವಾನಿಯವರಿಗೆ ಒಂದು ಅನುಕೂಲವಿದೆ. ತೆಲುಗು, ಕನ್ನಡ ಲಿಪಿಗಳು ಒಡಹುಟ್ಟಿದವು. ತೆಲುಗು ಓದಬಲ್ಲ ಮಗುವಿಗೆ, ಮನೆಯಲ್ಲಿ ಕನ್ನಡವಿದ್ದರೆ, ಅಕ್ಷರ ಕಲಿಸಲು ಹೆಚ್ಚು ಕಾಲ ಬೇಡ. ಮಲಯಾಳ ಲಿಪಿಯಿಂದ ಕನ್ನಡಕ್ಕೆ ಬರುವ ನಮ್ಮ ಮಕ್ಕಳಿಗೆ ಆ ಸುಲಭವಿಲ್ಲ. ಆದುದರಿಂದ ನಮ್ಮ ಹೊಣೆ ಇಮ್ಮಡಿ.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ. ದಿನಕ್ಕೆ ಅರ್ಧ ಗಂಟೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಓದಿಸಿರಿ. ಬೇರೇನೂ ಸಿಗದಿದ್ದರೆ ಈ ಪತ್ರಿಕೆಯನ್ನೇ ಓದಿಸಿರಿ. ಇಂದು ಇದನ್ನು ಓದುತ್ತಿರುವವರ ಮೊಮ್ಮಕ್ಕಳು ಓದಲಾರದೆ ಹೋದರೆ, ಆಗ ನಾವು ಯಾರಿಗಾಗಿ ಬರೆಯೋಣ?