ಕುದಿಸಿ ನೋಡಲಾಗದ ಲೆಕ್ಕ

ಮುಂದಿನ ಪೀಳಿಗೆಯ ವೇಗದ ರಿಯಾಕ್ಟರುಗಳ ನ್ಯೂಟ್ರಾನ್ ಲೆಕ್ಕದಲ್ಲಿ ಎಷ್ಟು ತಪ್ಪನ್ನು ಸಹಿಸಬಹುದು? 2008ರಲ್ಲಿ ಒಇಸಿಡಿಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರು ಗುರಿ ಪ್ರಕಟಿಸಿದರು: ನ್ಯೂಟ್ರಾನುಗಳ ಒಂದು ತಲೆಮಾರು ಮುಂದಿನದಕ್ಕೆ ಎಷ್ಟು ಪಟ್ಟಾಗುತ್ತದೆಂಬ ಗುಣಕದಲ್ಲಿ ಶೇ. 0.3, ಶೀತಕ ಬರಿದಾದಾಗಿನ ಪರಿಣಾಮದಲ್ಲಿ ಶೇ. 7. ಗುಣಕದ ತಪ್ಪನ್ನು ಚಾಲನೆಯ ಆರಂಭದಲ್ಲೇ ಅಳೆದು ತಿದ್ದಿಕೊಳ್ಳಬಹುದು. ಸೋಡಿಯಂ ಕುದಿದು ಬರಿದಾದರೆ ಶಕ್ತಿ ಎಷ್ಟು ಏರೀತೆಂಬುದನ್ನು ಮಾತ್ರ ನಿಜವಾದ ಸ್ಥಾವರದಲ್ಲಿ ಕುದಿಸಿ ನೋಡಲಾಗದು, ಲೆಕ್ಕವನ್ನೇ ನಂಬಬೇಕು. ಆದರೆ ಯುರೇನಿಯಂ-238ಕ್ಕೆ ಬಡಿದ ನ್ಯೂಟ್ರಾನ್ ವೇಗ ಕಳೆದುಕೊಳ್ಳುವ ಸಂಭವದಂಥ ಮೂಲ ದತ್ತಾಂಶವೇ ಆ ಗುರಿಗೆ ಸಾಲದೆಂದು ಅದೇ ವರದಿ ಒಪ್ಪಿಕೊಂಡಿತು. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ.

ಕೈಗಾದ್ದು ಬೇರೆ ಬಗೆಯ ರಿಯಾಕ್ಟರ್, ನಿಜ. ಆದರೂ 1994ರಲ್ಲಿ ಅಲ್ಲಿ ಕಟ್ಟುತ್ತಿದ್ದ ಗುಮ್ಮಟ ಕುಸಿದುದನ್ನು ಮಲೆನಾಡು ಮರೆತಿಲ್ಲ. ಕಲ್ಪಾಕ್ಕಂನಂಥ ವೇಗದ ಸ್ಥಾವರವನ್ನು ಇನ್ನೆಲ್ಲಿಯೇ ಕಟ್ಟಲಿ, ನಿಖರತೆಯ ಗುರಿಯನ್ನೂ ಉಳಿದಿರುವ ಅನಿಶ್ಚಿತತೆಯನ್ನೂ ಅಹವಾಲು ಸಭೆಯಲ್ಲಿ ಆ ಊರಿನ ಭಾಷೆಯಲ್ಲಿಯೇ ಜನರ ಮುಂದಿಡಬೇಕು.