ಮುಳ್ಳಿಗೊಂದು ವಯಸ್ಸು, ಫಲಕಕ್ಕೊಂದು ವಯಸ್ಸು

ಹಳೆಯ ಕ್ರೋನೋಗ್ರಾಫ್ ಕೈಗಡಿಯಾರವೊಂದು ಮರುಮಾರಾಟಕ್ಕೆ ಬಂದಿದೆಯೆಂದು ಭಾವಿಸೋಣ. ಗಂಟೆ ನಿಮಿಷಗಳನ್ನು ತೋರಿಸುವುದಲ್ಲದೆ ಓಟದ ಅವಧಿಯನ್ನೂ ಅಳೆಯಬಲ್ಲ ಯಂತ್ರವದು. ಅದರ ಫಲಕದ ಮೇಲಿನ ಹೊಳಪಿನ ಚುಕ್ಕೆಗಳು ಜೇನಿನ ಬಣ್ಣಕ್ಕೆ ತಿರುಗಿವೆ. ಮುಳ್ಳುಗಳ ಮೇಲಿನ ಲೇಪವಾದರೋ ಹಾಲಿನಂತೆ ಬೆಳ್ಳಗಿದೆ. ಒಂದೇ ಗಡಿಯಾರಕ್ಕೆ ಎರಡು ವಯಸ್ಸು ಬಂದುದು ಹೇಗೆ?

ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಮ್ಮನ್ನು ಸತುವಿನ ಸಲ್ಫೈಡಿನೊಡನೆ ಬೆರೆಸಿ ಗಡಿಯಾರಗಳಿಗೆ ಹಚ್ಚುತ್ತಿದ್ದ ಕಾಲವೊಂದಿತ್ತು. ರೇಡಿಯಮ್ಮಿನ ಅರ್ಧಾಯುಷ್ಯ ಸುಮಾರು 1,600 ವರ್ಷ. ಆದರೂ ಆ ಗಡಿಯಾರಗಳು ಇಂದು ಕತ್ತಲಲ್ಲಿ ಮೊದಲಿನಂತೆ ಬೆಳಗುವುದಿಲ್ಲ. ವಿಕಿರಣದ ಎಡೆಬಿಡದ ಪೆಟ್ಟಿಗೆ ಸಲ್ಫೈಡಿನ ಹರಳುಗಳು ಕೆಟ್ಟುಹೋಗಿವೆ. ಬೆಳಕು ಆರಿದೆ, ವಿಷ ಆರಿಲ್ಲ. 1960ರ ದಶಕದಲ್ಲಿ ಅದರ ಸ್ಥಾನವನ್ನು ಟ್ರಿಟಿಯಮ್ ಪಡೆಯಿತು. ಇದರ ಅರ್ಧಾಯುಷ್ಯ 12.3 ವರ್ಷ ಮಾತ್ರ. ನಾಲ್ಕು ಅರ್ಧಾಯುಷ್ಯಗಳು, ಎಂದರೆ ಸುಮಾರು 49 ವರ್ಷ ಕಳೆಯುವಷ್ಟರಲ್ಲಿ ಹದಿನಾರರಲ್ಲೊಂದು ಪಾಲಷ್ಟೇ ಉಳಿಯುತ್ತದೆ. ಜಪಾನಿನಲ್ಲಿ 1993ರಲ್ಲಿ ರೂಪುಗೊಂಡ ಸ್ಟ್ರಾನ್ಷಿಯಮ್ ಅಲ್ಯುಮಿನೇಟ್ ಲೇಪದಲ್ಲಿ ವಿಕಿರಣವೇ ಇಲ್ಲ. ಅದು ಬೆಳಕನ್ನು ಹೀರಿಕೊಂಡು ಗಂಟೆಗಟ್ಟಲೆ ಕತ್ತಲೆಗೆ ಮರಳಿಸುತ್ತದೆ.

ಇಷ್ಟು ತಿಳಿದವರಿಗೆ ಪರೀಕ್ಷೆ ಸುಲಭ. ಗಡಿಯಾರವನ್ನು ದೀಪದ ಕೆಳಗೆ ಕೆಲವು ನಿಮಿಷ ಇರಿಸಿ ಕತ್ತಲ ಕೋಣೆಗೆ ಒಯ್ಯಬೇಕು. ಫಲಕದ ಅಂಚಿನಲ್ಲಿ ಟ್ರಿಟಿಯಮ್ಮನ್ನು ಸೂಚಿಸುವ ‘ಟಿ’ ಅಕ್ಷರವಿದ್ದು, ಚುಕ್ಕೆಗಳು ಬೇಗನೆ ಮಂಕಾಗಿ, ಮುಳ್ಳುಗಳು ಮಾತ್ರ ಬಹುಕಾಲ ಬೆಳಗಿದರೆ ಮುಳ್ಳುಗಳೋ ಅವುಗಳ ಲೇಪವೋ ಈಚಿನದು. ಆದರೆ ಬಣ್ಣವೊಂದನ್ನೇ ನೋಡಿ ತೀರ್ಪು ನೀಡಲಾಗದು. ಫಲಕಕ್ಕೂ ಮುಳ್ಳಿಗೂ ಬೇರೆ ಬೇರೆ ಕಡೆ ಲೇಪ ಹಚ್ಚಿರಬಹುದು. ಅಂಟು, ಲೇಪದ ದಪ್ಪ, ಒಳಸೇರಿದ ತೇವ ಇವು ಮೂಲ ಭಾಗಗಳಲ್ಲಿಯೂ ಬಣ್ಣಭೇದ ತರುತ್ತವೆ. ಮತ್ತೊಂದೆಡೆ, ಹೊಸ ಲೇಪಕ್ಕೇ ಕಂದುಬಣ್ಣ ಬೆರೆಸಿ ಹಳತೆಂದು ತೋರಿಸುವ ಜಾಣರೂ ಉಂಟು. ಸವೆದ ಮುಳ್ಳನ್ನು ಬದಲಿಸುವುದು ತಪ್ಪಲ್ಲ, ಬದಲಿಸಿದುದನ್ನು ಮರೆಮಾಚಿ ಬೆಲೆ ಏರಿಸುವುದು ತಪ್ಪು.

ಈ ಲೇಪಕ್ಕೆ ಮನುಷ್ಯರು ತೆತ್ತ ಬೆಲೆ ಇದಕ್ಕಿಂತ ದೊಡ್ಡದು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಫಲಕಗಳಿಗೆ ರೇಡಿಯಮ್ ಹಚ್ಚುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಿಂದಲೇ ಚೂಪುಮಾಡುತ್ತಿದ್ದರು. ಹಾಗೆ ಮಾಡಲು ಅವರಿಗೆ ಕಲಿಸಲಾಗಿತ್ತು. ನುಂಗಿದ ರೇಡಿಯಮ್ ಮೂಳೆ ಸೇರಿತು, ಅನೇಕರ ದವಡೆಗಳು ಕೊಳೆತವು. ಗ್ರೇಸ್ ಫ್ರೈಯರ್ ಮತ್ತು ನಾಲ್ವರು ಸಂಗಾತಿಗಳು ನ್ಯಾಯಾಲಯದ ಮೆಟ್ಟಿಲೇರಿ, 1928ರಲ್ಲಿ ಒಪ್ಪಂದದ ಮೂಲಕ ಪರಿಹಾರ ಪಡೆದರು. ದುಡಿಯುವವರ ಆರೋಗ್ಯ ರಕ್ಷಣೆಯ ಇತಿಹಾಸದಲ್ಲಿ ಆ ಮೊಕದ್ದಮೆಗೆ ಶಾಶ್ವತ ಸ್ಥಾನವಿದೆ.

ಆದುದರಿಂದ ಅಜ್ಜನ ಪೆಟ್ಟಿಗೆಯಲ್ಲಿ ರೇಡಿಯಮ್ ಲೇಪದ ಗಡಿಯಾರ ದೊರೆತರೆ ಮಕ್ಕಳು ಅದರ ಗಾಜನ್ನು ತೆಗೆಯಬಾರದು, ಲೇಪವನ್ನು ಕೆರೆಯಬಾರದು. ಆ ಧೂಳು ದೇಹ ಸೇರಿದರೆ ಅಪಾಯ. ಪಾಠಪುಸ್ತಕದ ಅರ್ಧಾಯುಷ್ಯ ಬರಿಯ ಲೆಕ್ಕವಲ್ಲವೆಂಬುದಕ್ಕೆ ಆ ಆರಿದ ಚುಕ್ಕೆಗಳೇ ಸಾಕ್ಷಿ.