ಕೂಸಿಗೆ ಗುರುತಿನ ಕೈ

ಹೊಳಲು ಎಂಬ ಊರಿನ ಕಡೆಯ ಗದ್ದೆಬಯಲಲ್ಲಿ ನಾಟಿಯ ಹೊತ್ತಿಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವುದು ಹಳೆಯ ರೂಢಿ. ಅತ್ತರೆ ತಾಯಿ ಕೆಸರುಗಾಲಲ್ಲೇ ಬರುತ್ತಾಳೆ. ಅವಳಿಗೆ ಪುರುಸೊತ್ತಿಲ್ಲದಿದ್ದರೆ ಅಜ್ಜಿಯೋ ಅಕ್ಕನೋ ತೂಗುತ್ತಾರೆ. ಗುರುತಿನವರು ಯಾರಾದರೂ ಬಂದೇ ಬರುತ್ತಾರೆ ಎಂಬುದನ್ನು ಕೂಸು ಮಾತು ಬರುವ ಮೊದಲೇ ಕಲಿಯುತ್ತದೆ. ಮನಸ್ಸು ಮಾತ್ರವಲ್ಲ, ಮೈಯೂ ಕಲಿಯುತ್ತದೆ. ಅಮೆರಿಕದ ಮನೋವಿಜ್ಞಾನಿ ಮೇಗನ್ ಗನ್ನರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಯೊಡನೆ ನಂಟು ಸಡಿಲವಿದ್ದ ಅಂಜುಬುರುಕ ಮಕ್ಕಳಿಗೆ ಹೊಸ ಸನ್ನಿವೇಶ ಎದುರಾದಾಗ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿತು. ಅಷ್ಟೇ ಅಂಜುಬುರುಕರಾದರೂ ನಂಟು ಗಟ್ಟಿಯಿದ್ದವರಿಗೆ ಏರಲಿಲ್ಲ. ರುಮೇನಿಯದ ಬುಕಾರೆಸ್ಟ್‌ನಲ್ಲಿ ಸಂಶೋಧಕರು ಅನಾಥಾಲಯದ ಮಕ್ಕಳಲ್ಲಿ ಕೆಲವರನ್ನು ಸಾಕು ಮನೆಗಳಿಗೆ ಸೇರಿಸಿ, ಎಲ್ಲರೂ ಹನ್ನೆರಡರ ಆಸುಪಾಸಿಗೆ ಬಂದಾಗ ಪರೀಕ್ಷಿಸಿದರು. ಅನಾಥಾಲಯದಲ್ಲೇ ಉಳಿದವರ ಮೈ ಒತ್ತಡಕ್ಕೆ ಮಂದವಾಗಿ ಸ್ಪಂದಿಸಿತು. ಎರಡು ವರ್ಷ ತುಂಬುವುದರೊಳಗೆ ಮನೆ ಸೇರಿದವರ ಸ್ಪಂದನೆ ಮಾತ್ರ ಹೆತ್ತವರ ಮನೆಯಲ್ಲೇ ಬೆಳೆದ ಮಕ್ಕಳ ಸ್ಪಂದನೆಗೆ ಹತ್ತಿರವಿತ್ತು.

ಎಲ್ಲವನ್ನೂ ನಂಟಿನ ತಲೆಗೆ ಕಟ್ಟಬೇಡಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಅದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1997–98ರಲ್ಲಿ ನೋಂದಾಯಿತರಾದ ಗರ್ಭಿಣಿಯರ ಮಕ್ಕಳನ್ನು ಸಂಶೋಧಕರು ಬೆನ್ನುಬಿಡದೆ ಗಮನಿಸಿದ್ದಾರೆ. ಹದಿಮೂರೂವರೆ ವಯಸ್ಸಿನಲ್ಲಿ ಅವರಲ್ಲಿ ಕೆಲವರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕ ಕೇಳಿದರು. ಬಸಿರಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಹೃದಯದ ಕೆಲಸ, ರಕ್ತದೊತ್ತಡ ಹೆಚ್ಚು ಏರಿದವು. ಅಂದರೆ ಗರ್ಭದಲ್ಲೇ ಒಂದಷ್ಟು ತೀರ್ಮಾನವಾಗಿರುತ್ತದೆ. ಆದರೆ ಬುಕಾರೆಸ್ಟ್‌ನಲ್ಲಿ ಯಾವ ಮಗುವಿಗೆ ಮನೆ ಸಿಗಬೇಕೆಂದು ಚೀಟಿ ಎತ್ತಿದಂತೆ ನಿರ್ಧರಿಸಿದ್ದರಿಂದ, ಅಲ್ಲಿನ ವ್ಯತ್ಯಾಸವನ್ನು ಗರ್ಭದ ಲೆಕ್ಕಕ್ಕೆ ಹಾಕಲು ಬರುವುದಿಲ್ಲ.

ಇನ್ನೊಂದು ಆಕ್ಷೇಪ: ಹಾಗಾದರೆ ತಾಯಿ ಕೂಲಿ ಬಿಟ್ಟು ಮನೆಯಲ್ಲಿ ಕೂರಬೇಕೆ? (ಅಪ್ಪನನ್ನು ಯಾರೂ ಹೀಗೆ ಕೇಳುವುದಿಲ್ಲ.) ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ 1954–55ರಲ್ಲಿ ಉಗಾಂಡದ ಹಳ್ಳಿಗಳಲ್ಲಿ ಕಂಡದ್ದು, ತೋಟದಲ್ಲಿ ದುಡಿಯುವ ತಾಯಂದಿರ ಕೂಸುಗಳು ತಾಯಿಯ ಜೊತೆಗೆ ಮನೆಯ ಬೇರೆಯವರಿಗೂ ಅಂಟಿಕೊಂಡದ್ದನ್ನು. ಕೈ ಒಂದೇ ಆಗಬೇಕಿಲ್ಲ, ಬದಲಾಗುತ್ತಲೇ ಇರಬಾರದು, ಅಷ್ಟೆ. ಈ ಕಾರಣಕ್ಕೇ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳದು ಒಳ್ಳೆಯ ಯೋಜನೆ; ಅದರೊಳಗಿನ ಒಂದು ಏರ್ಪಾಟು ಮಾತ್ರ ತಪ್ಪು. ಆರೈಕೆದಾರರನ್ನು ಉದ್ಯೋಗ ಖಾತ್ರಿ ಕೂಲಿಕಾರರಿಂದಲೇ ಆರಿಸಿ, ನೂರು ದಿನದ ಕೂಲಿಗೆ ಹೊಂದುವಂತೆ ಸರದಿಯ ಮೇಲೆ ಹಾಕುವ ಕ್ರಮವಿಟ್ಟರು. ಕೂಸು ಒಬ್ಬಳ ಮಡಿಲಿಗೆ ಒಗ್ಗುವ ಹೊತ್ತಿಗೆ ಅವಳ ಸರದಿ ಮುಗಿದಿರುತ್ತದೆ. ಪ್ರತಿ ಕೇಂದ್ರದಲ್ಲೂ ಕಡೇಪಕ್ಷ ಇಬ್ಬರನ್ನು ವರ್ಷಗಟ್ಟಲೆ ಉಳಿಸಿಕೊಂಡು, ಅವರಿಗೆ ಪಂಚಾಯಿತಿಯೇ ತಿಂಗಳ ಗೌರವಧನ ಕೊಡಲಿ.